ನೂಲು ಹರಿದ ದಿನ

2001ರ ಡಿಸ್ನಿ ಚಾನೆಲ್ ಚಿತ್ರ ‘ದ ಲಕ್ ಆಫ್ ದಿ ಐರಿಷ್’ನಲ್ಲಿ ಬಾಸ್ಕೆಟ್‌ಬಾಲ್ ಆಟಗಾರ ಕೈಲ್ ತನ್ನ ಅದೃಷ್ಟದ ನಾಣ್ಯ ಕಳೆದುಕೊಂಡಾಗ ಆಟವೂ ಕೈಕೊಡುತ್ತದೆ.

ಮಂಡೆಕೋಲಿನಲ್ಲಿ ಬೋಧನಾಭ್ಯಾಸದ ವೇಳೆ ನಾನೂ ಅಂಥ ಹುಡುಗನೊಬ್ಬನನ್ನು ಕಂಡೆ. ಕೈಗೆ ಕಟ್ಟಿದ್ದ ನೂಲು ಹರಿದದ್ದಕ್ಕೆ ಅವನು ಕಬಡ್ಡಿ ಅಂಕಣಕ್ಕಿಳಿಯಲು ಹಿಂಜರಿದ. ‘ಮೂಢನಂಬಿಕೆ’ ಎಂದು ಎಲ್ಲರೆದುರು ನಕ್ಕುಬಿಟ್ಟೆ. ಆಮೇಲೆ ನನ್ನ ವಿಜ್ಞಾನ ಪಾಠದಲ್ಲಿ ಅವನು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ತಪ್ಪು ನನ್ನದು. ನೂಲು ಕಟ್ಟಿಕೊಂಡು ಹತ್ತು, ಕಟ್ಟದೆ ಹತ್ತು ರೈಡ್ ಮಾಡಿಸಿ ಅಂಕ ಬರೆಸಬಹುದಿತ್ತು. ವ್ಯತ್ಯಾಸ ಕಂಡರೆ, ಅದು ನೂಲಿನದೋ ಮನಸ್ಸಿನ ಅಳುಕಿನದೋ ಎಂದು ಅವನನ್ನೇ ಕೇಳಬಹುದಿತ್ತು.

ವೈಜ್ಞಾನಿಕ ಮನೋಭಾವ ಸಂವಿಧಾನದ 51ಎ ವಿಧಿ ಹೇಳುವ ಕರ್ತವ್ಯ. ಅದನ್ನು ಪಾಠಯೋಜನೆಯಲ್ಲಿ ಉದ್ದೇಶವೆಂದು ಬರೆದರೆ ಸಾಲದು. ಮಗುವಿನ ನಂಬಿಕೆಯನ್ನು ನಗೆಯಾಡದೆ, ಅದನ್ನೇ ಪ್ರಯೋಗವಾಗಿಸಬೇಕು.