ಬೇಸ್ ಗಿಟಾರಿನ ತೂಕ ಮತ್ತು ಬೀಟೆಯ ಹಲಗೆ

ಬೀಟೆ ಎಂದೊಡನೆ ಮಲೆನಾಡಿನವರ ಕಣ್ಣಿಗೆ ಕಟ್ಟುವುದು ಹಳೆಯ ಮನೆಯ ಕಂಬ, ಬಾಗಿಲುವಾಡ, ಅಜ್ಜನ ಕಾಲದ ಮಂಚ. ಈ ಮರಕ್ಕೆ ಸಾಗರದಾಚೆ ಇನ್ನೊಂದು ಬಗೆಯ ಗ್ರಾಹಕರಿದ್ದಾರೆ ಎಂಬ ಸಂಗತಿ ಇಲ್ಲಿ ಅಷ್ಟಾಗಿ ಚರ್ಚೆಗೆ ಬರುವುದಿಲ್ಲ. 1960ರ ದಶಕದ ಕೊನೆಯಲ್ಲಿ ಬ್ರೆಜಿಲ್ ದೇಶದ ರೋಸ್‌ವುಡ್ ದುರ್ಲಭವಾದಾಗ ಅಮೆರಿಕದ ಗಿಟಾರ್ ತಯಾರಕರು ದಕ್ಷಿಣ ಭಾರತದ ಬೀಟೆಯತ್ತ ಹೊರಳಿದರು. ಅಂದಿನಿಂದ ಲಕ್ಷಾಂತರ ವಾದ್ಯಗಳ ಬೆರಳುಹಲಗೆ, ಅಂದರೆ ತಂತಿಯನ್ನು ಬೆರಳಿನಿಂದ ಒತ್ತುವ ಪಟ್ಟಿ, ಈ ಮರದಿಂದಲೇ ತಯಾರಾಗಿದೆ. ಗ್ರಾಹಕನ ಅಪೇಕ್ಷೆಗೆ ತಕ್ಕಂತೆ ಒಂದೊಂದಾಗಿ ಕೈಯಿಂದ ಕಟ್ಟುವ ಎಲೆಕ್ಟ್ರಿಕ್ ಬೇಸ್ ಗಿಟಾರುಗಳಲ್ಲಂತೂ ಅಪರೂಪದ ಮರವೇ ಪ್ರತಿಷ್ಠೆಯ ಗುರುತು. ಅಲ್ಲಿ ಗ್ರಾಹಕನಿಗೆ ಎದುರಾಗುವ ಮೊದಲ ಪ್ರಶ್ನೆ ‘ಯಾವ ಮರ?’ ಎಂಬುದು. ಮೊದಲು ಬರಬೇಕಾದ ಪ್ರಶ್ನೆ ಅದಲ್ಲ. ‘ತೂಕ ಎಲ್ಲಿ ಬೀಳುತ್ತದೆ?’ ಎಂಬುದು.

ಬೇಸ್ ಎಂದರೆ ನಾಲ್ಕು ದಪ್ಪ ತಂತಿಗಳ, ಮಂದ್ರ ಸ್ವರದ ಗಿಟಾರು. 1951ರಲ್ಲಿ ಕ್ಯಾಲಿಫೋರ್ನಿಯಾದ ಲಿಯೋ ಫೆಂಡರ್ ‘ಪ್ರಿಸಿಶನ್ ಬೇಸ್’ ಎಂಬ ವಾದ್ಯವನ್ನು ಮಾರುಕಟ್ಟೆಗೆ ತಂದ. ಅದರಲ್ಲಿ ತಂತಿ ಕಂಪಿಸುವ ಉದ್ದ 34 ಅಂಗುಲ, ಅಂದರೆ ಸುಮಾರು 86 ಸೆಂ.ಮೀ. ಇಂದಿಗೂ ಅದೇ ವಾಡಿಕೆಯ ಅಳತೆ. ಅತಿ ಕೆಳಸ್ವರದ ತಂತಿ ಸೆಕೆಂಡಿಗೆ ಸುಮಾರು 41 ಬಾರಿ ಕಂಪಿಸುತ್ತದೆ. ಇಷ್ಟು ಮಂದ್ರಕ್ಕೆ ಇಳಿಯಲು ತಂತಿ ಉದ್ದವೂ ದಪ್ಪವೂ ಆಗಿರಬೇಕು; ತಂತಿ ಉದ್ದವಾದರೆ ದಂಡಿ ಉದ್ದವಾಗುತ್ತದೆ, ತಂತಿ ದಪ್ಪವಾದರೆ ಅದನ್ನು ಬಿಗಿಯುವ ಬಿರಡೆಗಳು ದೊಡ್ಡವಾಗುತ್ತವೆ. ಹೀಗೆ ಲೋಹದ ಭಾರವೆಲ್ಲ ಒಡಲಿನಿಂದ ಬಹುದೂರದ ತಲೆಭಾಗಕ್ಕೆ ಹೋಗಿ ಸೇರುತ್ತದೆ. ವಾದಕ ಎಡಗೈ ಬಿಟ್ಟೊಡನೆ ದಂಡಿ ನೆಲದತ್ತ ವಾಲುತ್ತದೆ. ಅದನ್ನು ಎತ್ತಿ ಹಿಡಿಯುವ ಕೆಲಸ ನುಡಿಸಬೇಕಾದ ಕೈಯ ಮೇಲೆಯೇ ಬೀಳುತ್ತದೆ. ಎರಡು ಗಂಟೆಯ ಕಛೇರಿಯಲ್ಲಿ ಇದು ಮಣಿಕಟ್ಟಿಗೂ ಹೆಗಲಿಗೂ ಸಣ್ಣ ಶಿಕ್ಷೆಯಲ್ಲ. ಅಡಿಕೆ ಕೊಯ್ಯುವವರಿಗೆ ಇದನ್ನು ವಿವರಿಸಬೇಕಾಗಿಲ್ಲ: ದೋಟಿಯ ತುದಿಯಲ್ಲಿರುವ ಕತ್ತಿ ತಕ್ಕಡಿಯಲ್ಲಿ ಎಷ್ಟು ತೂಗುತ್ತದೆ ಎಂಬುದಕ್ಕೂ ಕೈಯಲ್ಲಿ ಎಷ್ಟು ತೂಗುತ್ತದೆ ಎಂಬುದಕ್ಕೂ ಇರುವ ಅಂತರ ಅವರಿಗೆ ಚೆನ್ನಾಗಿ ಗೊತ್ತು.

ಇಲ್ಲಿಯೇ ಮರದ ಪ್ರಶ್ನೆ ನುಸುಳುತ್ತದೆ. ದಂಡಿ ವಾಲುತ್ತದೆಂದು ಕಂಡಾಗ ಸುಲಭದ ದಾರಿ ಒಡಲನ್ನು ಭಾರವಾಗಿಸುವುದು. ದಟ್ಟವಾದ ಉಷ್ಣವಲಯದ ಮರ ಬಳಸಿದರೆ ತಕ್ಕಡಿ ಇತ್ತ ಬಾಗುತ್ತದೆ, ಜೊತೆಗೆ ನೋಡಲು ಅಂದವೂ ಬರುತ್ತದೆ. ಆದರೆ 4 ಕಿಲೋ ಇರಬೇಕಾದ ವಾದ್ಯ 5 ಕಿಲೋ ಆಗುತ್ತದೆ. ಲೆಕ್ಕ ಹಾಕಿ ನೋಡಿದರೆ ಈ ದಾರಿ ಎಷ್ಟು ದುಬಾರಿಯೆಂದು ತಿಳಿಯುತ್ತದೆ. ಹಳೆಯ ಮಾದರಿಯ ಬಿರಡೆ ಒಂದೊಂದೂ ಸುಮಾರು 100 ಗ್ರಾಂ. ಹಗುರ ಮಾದರಿಯದು 60ರ ಆಸುಪಾಸು. ನಾಲ್ಕೂ ಬದಲಾದರೆ ಉಳಿಯುವುದು 160 ಗ್ರಾಂ. ಹೆಗಲಪಟ್ಟಿಯ ಮುಂದಿನ ಗುಂಡಿಯಿಂದ ಬಿರಡೆಗಳು ಸರಾಸರಿ 55 ಸೆಂ.ಮೀ. ದೂರದಲ್ಲಿವೆಯೆಂದು ಇಟ್ಟುಕೊಳ್ಳೋಣ. ಅಲ್ಲಿ 160 ಗ್ರಾಂ ಕಳೆದುದರ ಫಲವನ್ನೇ ಗುಂಡಿಯಿಂದ 25 ಸೆಂ.ಮೀ. ಹಿಂದಿರುವ ಒಡಲಿನಲ್ಲಿ ಪಡೆಯಬೇಕಾದರೆ ಸುಮಾರು 350 ಗ್ರಾಂ ಮರವನ್ನು ಸೇರಿಸಬೇಕು. ನಕ್ಷೆಯ ದೋಷಕ್ಕೆ ಮರ ದಂಡ ತೆರುವುದೆಂದರೆ ಇದೇ.

ಉತ್ತಮ ವಿನ್ಯಾಸಕರು ಈ ಸೂಕ್ಷ್ಮವನ್ನು ಮೊದಲಿನಿಂದಲೂ ಬಲ್ಲರು. ಫೆಂಡರ್ ತನ್ನ ಬೇಸಿನ ಮೇಲ್ಕೊಂಬನ್ನು ತಲೆಯ ಕಡೆಗೆ ಉದ್ದವಾಗಿ ಚಾಚಿದ್ದು ಅಲಂಕಾರಕ್ಕಲ್ಲ. ಪಟ್ಟಿಯ ಗುಂಡಿ 12ನೆಯ ಮೆಟ್ಟಿಲಿನ ಹತ್ತಿರ ಬಂದಷ್ಟೂ ವಾದ್ಯದ ಗುರುತ್ವಕೇಂದ್ರ ಎರಡು ಗುಂಡಿಗಳ ನಡುವೆ ನೆಮ್ಮದಿಯಾಗಿ ಕೂರುತ್ತದೆ. 1980ರ ಸುಮಾರಿಗೆ ನೆಡ್ ಸ್ಟೈನ್‌ಬರ್ಗರ್ ಇನ್ನೂ ಮುಂದೆ ಹೋಗಿ ತಲೆಭಾಗವನ್ನೇ ತೆಗೆದುಹಾಕಿದ. ಬಿರಡೆಗಳು ಒಡಲಿನ ಹಿಂತುದಿಗೆ ಬಂದವು. ಮರದ ಬದಲು ಕಾರ್ಬನ್ ನಾರು ಮತ್ತು ರಾಳ ಬಂತು. ಪಟ್ಟಿಯನ್ನು ಬೆನ್ನಿನ ತಿರುಗುಣಿಯೊಂದಕ್ಕೆ ಜೋಡಿಸಿದ್ದರಿಂದ ವಾದ್ಯವನ್ನು ಯಾವ ಕೋನದಲ್ಲಿ ಬಿಟ್ಟರೂ ಅದು ಅಲ್ಲೇ ನಿಲ್ಲುತ್ತಿತ್ತು. ಅದನ್ನು ದೋಣಿಯ ಹುಟ್ಟಿಗೆ ಹೋಲಿಸಿ ನಕ್ಕವರುಂಟು. ನಕ್ಕವರ ಹೆಗಲು ನೋಯುತ್ತಿದ್ದಿರಬಹುದು. ಇದಕ್ಕೆ ವಿರುದ್ಧವಾದ ಪರಂಪರೆಯೂ ಅದೇ ಕ್ಯಾಲಿಫೋರ್ನಿಯಾದಲ್ಲಿ ಬೆಳೆಯಿತು. 1970ರ ದಶಕದ ಆರಂಭದಲ್ಲಿ ಅಲೆಂಬಿಕ್ ಸಂಸ್ಥೆ ಬಗೆಬಗೆಯ ಅಪರೂಪದ ಮರಗಳನ್ನು ಪದರ ಪದರವಾಗಿ ಅಂಟಿಸಿ, ಹಿತ್ತಾಳೆಯ ಭಾಗಗಳನ್ನು ಕೂರಿಸಿ, ಭಾರವಾದ ಚೆಲುವಿನ ಬೇಸುಗಳನ್ನು ಕಟ್ಟಿತು. ಕುಶಲತೆಯಲ್ಲಿ ಅವು ಯಾವುದಕ್ಕೂ ಕಡಿಮೆಯಲ್ಲ. ಆದರೆ ಅವುಗಳನ್ನು ನೋಡಿ ಕಲಿತ ನೂರಾರು ಸಣ್ಣ ತಯಾರಕರಿಗೆ ಕುಶಲತೆಗಿಂತ ಮೊದಲು ದಕ್ಕಿದ್ದು ಮರದ ಮೋಹ.

ಅಪರೂಪದ ಮರದಿಂದ ನಾದ ಹೆಚ್ಚುತ್ತದೆಯಲ್ಲ ಎಂಬ ವಾದ ಇದ್ದೇ ಇದೆ. ಪೊಳ್ಳು ಒಡಲಿನ ವೀಣೆ ಅಥವಾ ಪಿಟೀಲಿಗೆ ಅದು ಒಪ್ಪುವ ಮಾತು; ಅಲ್ಲಿ ಮರವೇ ಗಾಳಿಯನ್ನು ನಡುಗಿಸುತ್ತದೆ. ಘನ ಒಡಲಿನ ಎಲೆಕ್ಟ್ರಿಕ್ ಬೇಸಿನಲ್ಲಿ ಉಕ್ಕಿನ ತಂತಿ ಅಯಸ್ಕಾಂತ ಮತ್ತು ತಾಮ್ರದ ಸುರುಳಿಯ ಮೇಲೆ ಕಂಪಿಸಿ ವಿದ್ಯುತ್ ಸಂಕೇತವನ್ನು ಹುಟ್ಟಿಸುತ್ತದೆ. ಮರದ ಪಾತ್ರ ಸೊನ್ನೆಯಲ್ಲ, ಆದರೆ ಅದು ಕಾಣಿಸುವುದು ಮುಖ್ಯವಾಗಿ ದಂಡಿಯಲ್ಲಿ. ಜರ್ಮನಿಯ ಹೆಲ್ಮುಟ್ ಫ್ಲೈಶರ್ ಅಳೆದು ತೋರಿಸಿದಂತೆ, ಕೆಲವು ಸ್ವರಗಳು ಬೇಗ ನಂದಿಹೋಗಲು ಕಾರಣ ಆ ಸ್ಥಾನದಲ್ಲಿ ದಂಡಿಯೇ ನಡುಗಿ ತಂತಿಯ ಶಕ್ತಿಯನ್ನು ಹೀರುವುದು. ಅದಕ್ಕೆ ಬೇಕಾದುದು ದಂಡಿಯ ಬಿಗಿತ; ನೇರ ಎಳೆಯ ಮೇಪಲ್ ಮರ, ಒಳಗೆ ಎರಡು ಕಾರ್ಬನ್ ಸಲಾಕೆಗಳಿದ್ದರೆ ಅದು ಸಿಗುತ್ತದೆ. ಒಡಲಿಗೆ ಅಮೂಲ್ಯ ಮರ ಹಾಕುವುದು ಕಣ್ಣಿಗಾಗಿ, ಕಿವಿಗಾಗಿ ಅಲ್ಲ.

ಕಣ್ಣು ಕುಕ್ಕದ, ಆದರೆ ಒಡಲಿಗೆ ಹೇಳಿಮಾಡಿಸಿದಂಥ ಮರವೊಂದನ್ನು ಇಲ್ಲಿ ಹೆಸರಿಸಲೇಬೇಕು: ಅಮೆರಿಕದ ವಾಯವ್ಯ ಕರಾವಳಿಯ ಕೆಂಪು ಆಲ್ಡರ್. ಕಾಡು ಕಡಿದ, ಸುಟ್ಟ, ಕುಸಿದ ನೆಲದಲ್ಲಿ ಮೊದಲು ತಲೆಯೆತ್ತುವ ಗಿಡ ಇದು. ಇದರ ಬೇರುಗಂಟುಗಳಲ್ಲಿ ಫ್ರಾಂಕಿಯಾ ಎಂಬ ಸೂಕ್ಷ್ಮಜೀವಿ ನೆಲೆಸಿ ಗಾಳಿಯ ಸಾರಜನಕವನ್ನು ಮಣ್ಣಿಗೆ ಕಟ್ಟಿಕೊಡುತ್ತದೆ. ಬೆಲೆಬಾಳುವ ಶಂಕುಮರಗಳ ನಡುವಿನ ಕಳೆಯೆಂದು ಅರಣ್ಯದವರು ದೀರ್ಘಕಾಲ ಇದನ್ನು ಕಡೆಗಣಿಸಿದ್ದರು. ಫೆಂಡರ್ 1956ರಿಂದ ಇದನ್ನು ಒಡಲಿಗೆ ಬಳಸತೊಡಗಿದ. ಹಗುರ, ಕೊರೆಯಲು ಸುಲಭ, ಬೇಗ ಬೆಳೆಯುವಂಥದ್ದು. ಅದಕ್ಕೂ ಮೊದಲು ಬಳಕೆಯಲ್ಲಿದ್ದ ಜೌಗುನೆಲದ ಆ್ಯಶ್ ಮರದ ಕಥೆ ಬೇರೆಯೇ. 2002ರಲ್ಲಿ ಮಿಶಿಗನ್ ರಾಜ್ಯದಲ್ಲಿ ಏಷ್ಯಾ ಮೂಲದ ಹಸಿರು ದುಂಬಿಯೊಂದು ಪತ್ತೆಯಾಯಿತು. ಅದರ ಮರಿಹುಳು ತೊಗಟೆಯಡಿ ಸುರಂಗ ಕೊರೆದು ಮರದ ಆಹಾರನಾಳಗಳನ್ನೇ ಕತ್ತರಿಸುತ್ತದೆ. ಕೋಟ್ಯಂತರ ಆ್ಯಶ್ ಮರಗಳು ಸತ್ತವು. 2020ರಲ್ಲಿ ಫೆಂಡರ್ ಸಂಸ್ಥೆ ತನ್ನ ಸಾಮಾನ್ಯ ತಯಾರಿಕೆಯಿಂದ ಆ ಮರವನ್ನು ಬಹುಮಟ್ಟಿಗೆ ಕೈಬಿಡುವುದಾಗಿ ಪ್ರಕಟಿಸಿತು.

ಇನ್ನು ಬೀಟೆ. ಒಂದು ಬೇಸಿನ ಬೆರಳುಹಲಗೆ ಸುಮಾರು 68 ಸೆಂ.ಮೀ. ಉದ್ದ, 6 ಮಿ.ಮೀ. ದಪ್ಪ; ತೂಕ 200 ಗ್ರಾಮಿನೊಳಗೆ. ಇಷ್ಟು ಚಿಕ್ಕ ತುಂಡಿಗೆ ಇಷ್ಟೊಂದು ಚಿಂತೆಯೇಕೆ ಎಂದು ಕೇಳುವವರುಂಟು. ಆದರೆ ಗಂಟಿಲ್ಲದ, ನೇರ ಎಳೆಯ, ಬಣ್ಣ ತುಂಬಿದ ತುಂಡು ಸಿಗುವುದು ಬಲಿತ ಹಳೆಯ ಮರದ ತಿರುಳಿನಲ್ಲಿ ಮಾತ್ರ. ಅಂಥ ಮರ ಒಂದು ತಲೆಮಾರಿನಲ್ಲಿ ಬೆಳೆಯುವುದಿಲ್ಲ. ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಬೀಟೆ ಅಪಾಯದಂಚಿನ ಪ್ರಭೇದ. 2011ರಲ್ಲಿ ಅಮೆರಿಕದ ಅಧಿಕಾರಿಗಳು ಗಿಬ್ಸನ್ ಕಂಪನಿಯ ಮೇಲೆ ನಡೆಸಿದ ದಾಳಿಯಲ್ಲಿ ವಶವಾದದ್ದು ಭಾರತದಿಂದ ಹೋದ ಬೀಟೆ, ಕರಿಮರಗಳ ಬೆರಳುಹಲಗೆಗಳೇ. ಭಾರತದ ರಫ್ತು ನಿಯಮದ ಅರ್ಥ ಸ್ಪಷ್ಟವಿಲ್ಲವೆಂದು 2012ರ ರಾಜಿಯಲ್ಲಿ ಅವುಗಳನ್ನು ಮರಳಿಸಲಾಯಿತು. ಮಡಗಾಸ್ಕರ್‌ನ ಕರಿಮರದ ಪ್ರಕರಣಕ್ಕಾಗಿ ಕಂಪನಿ 3 ಲಕ್ಷ ಡಾಲರ್ ದಂಡ ತೆತ್ತಿತು. 2017ರ ಜನವರಿ 2ರಿಂದ ಬೀಟೆಯ ಇಡೀ ಕುಲ ‘ಸೈಟೀಸ್’ ಒಪ್ಪಂದದ ನಿಯಂತ್ರಣಕ್ಕೆ ಒಳಪಟ್ಟಿತು. ವಾದಕರು ಗಡಿಗಳಲ್ಲಿ ಪಟ್ಟ ಪಾಡು ಕಂಡು 2019ರ ನವೆಂಬರಿನಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಕಚ್ಚಾ ಹಲಗೆಗೆ ಇಂದಿಗೂ ಪರವಾನಗಿ ಬೇಕು. ವಾದಕರ ಮಟ್ಟಿಗೆ ವಿನಾಯಿತಿ ನ್ಯಾಯವಾದದ್ದೇ. ಆದರೆ ವಾದ್ಯವಾಗಿ ಗಡಿ ದಾಟಿದ ಬೀಟೆಯ ಲೆಕ್ಕ ಇಡುವವರು ಇನ್ನಿಲ್ಲ.

ಹಾಗಾದರೆ ಹೊಸದಾಗಿ ಬೇಸ್ ಕಟ್ಟಿಸುವವರು ಮಾಡಬಹುದಾದುದೇನು? ಮರ ಆಯುವ ಮೊದಲು ಪೂರ್ಣ ಅಳತೆಯ ನಕ್ಷೆ ಬರೆದು ಪ್ರತಿ ಭಾಗದ ತೂಕ ಮತ್ತು ದೂರಗಳನ್ನು ಗುಣಿಸಿ ಕೂಡಿಸುವುದು. ಅಗ್ಗದ ಪ್ಲೈವುಡ್ಡಿನಲ್ಲಿ ಅದೇ ಆಕಾರ ಕತ್ತರಿಸಿ, ಬಿರಡೆಗಳನ್ನು ಕಟ್ಟಿ, ಹೆಗಲಿಗೆ ತೂಗುಹಾಕಿ, ಕೈಬಿಟ್ಟು ನೋಡುವುದು. ವಾಲಿದರೆ ಮೊದಲು ತಲೆಭಾಗವನ್ನು ಕಿರಿದುಗೊಳಿಸುವುದು, ಬಿರಡೆಗಳನ್ನು ಹಗುರಗೊಳಿಸುವುದು, ಕೊಂಬನ್ನು ಚಾಚುವುದು. ಒಡಲಿನ ತೂಕದ ಮಾತು ಕೊನೆಗೆ. ಬೆರಳುಹಲಗೆಗೆ 1951ರ ಫೆಂಡರ್ ಬೇಸಿನಂತೆ ದಂಡಿಯ ಮೇಪಲ್ ಮರವೇ ಸಾಕು. ಅದರಲ್ಲಿ ಪ್ರತ್ಯೇಕ ಹಲಗೆಯೇ ಇರಲಿಲ್ಲ, ಆ ಬೇಸಿನ ಸದ್ದು ಕಡಿಮೆಯೆಂದು ಯಾರೂ ದೂರಿಲ್ಲ. ಕಪ್ಪು ಬಣ್ಣವೇ ಬೇಕೆಂದರೆ ಕಾಗದ ಮತ್ತು ರಾಳವನ್ನು ಒತ್ತಿ ಮಾಡಿದ ಹಲಗೆಗಳಿವೆ. ಅವು ಮಳೆಗಾಲದಲ್ಲಿ ಉಬ್ಬುವುದೂ ಕಡಿಮೆ. ಬೀಟೆಯೇ ಆಗಬೇಕೆಂದು ಹಟ ಹಿಡಿದವರಿಗೆ ಮುರಿದ ಮಂಚ, ಕೆಡವಿದ ಮನೆಯ ಬಾಗಿಲುವಾಡಗಳಲ್ಲಿ 68 ಸೆಂ.ಮೀ. ಉದ್ದದ ನೇರ ಎಳೆ ಸಿಗದೆ ಹೋಗುವುದಿಲ್ಲ.