ಸೇರುವುದು ಸಲೀಸು, ಬಿಡುವುದೇ ಕಷ್ಟ

ಫೇಸ್‌ಬುಕ್ ಖಾತೆ ತೆರೆಯಲು ಕೆಲವೇ ನಿಮಿಷ ಸಾಕು. ಬೇಡವೆಂದು ಹೊರಟವರಿಗೆ ಮೊದಲು ಸಿಗುವುದು ನಿಷ್ಕ್ರಿಯಗೊಳಿಸುವ ಆಯ್ಕೆ. ಅದು ಖಾತೆಯನ್ನು ಮರೆಮಾಡುತ್ತದೆಯೇ ಹೊರತು ಅಳಿಸುವುದಿಲ್ಲ. ಪಟ್ಟುಹಿಡಿದು ಅಳಿಸಿದರೂ ಮನಸ್ಸು ಬದಲಿಸಲೆಂದು 30 ದಿನ ಕಾಯಿಸುತ್ತಾರೆ. ಮಾಹಿತಿ ಪೂರ್ತಿ ಅಳಿಯಲು 90 ದಿನದವರೆಗೆ ಹಿಡಿಯಬಹುದೆಂದು ಕಂಪನಿಯೇ ಹೇಳುತ್ತದೆ.

2023ರ ಜುಲೈನಲ್ಲಿ ಬಂದ ಇದೇ ಕಂಪನಿಯ ಥ್ರೆಡ್ಸ್ ಆ್ಯಪ್ ಇನ್ನೂ ಜಾಣ. ಅದರ ಖಾತೆ ಅಳಿಸಬೇಕೆಂದರೆ ಇನ್‌ಸ್ಟಾಗ್ರಾಂ ಖಾತೆಯನ್ನೂ ಕಳೆದುಕೊಳ್ಳಬೇಕಿತ್ತು. ನೆಗಡಿಯಾಯಿತೆಂದು ಮೂಗನ್ನೇ ಕೊಯ್ದುಕೊಂಡ ಹಾಗೆ. ಇವೆರಡನ್ನೂ ಬೇರ್ಪಡಿಸಲು ನವೆಂಬರ್ ಬರಬೇಕಾಯಿತು.

ಸೇರಲೇ ಇಲ್ಲದವರ ಪಾಡು ಇನ್ನೂ ವಿಚಿತ್ರ. ಪರಿಚಯದವರು ಯಾರೋ ತಮ್ಮ ಫೋನಿನ ಕಾಂಟ್ಯಾಕ್ಟ್ ಪಟ್ಟಿಯನ್ನು ಆ್ಯಪ್‌ಗೆ ಒಪ್ಪಿಸಿದರೆ ಸಾಕು, ನಿಮ್ಮ ಹೆಸರು, ನಂಬರ್ ಅಲ್ಲಿಗೆ ತಲುಪಿತು. ನಿಮ್ಮನ್ನು ಕೇಳಿದವರಿಲ್ಲ. ಸದಸ್ಯರಲ್ಲದವರ ಮಾಹಿತಿಯನ್ನೂ ಭದ್ರತೆಯ ಕಾರಣಕ್ಕೆ ಸಂಗ್ರಹಿಸುತ್ತೇವೆಂದು ಫೇಸ್‌ಬುಕ್ ಮುಖ್ಯಸ್ಥ ಮಾರ್ಕ್ ಜುಕರ್‌ಬರ್ಗ್ 2018ರ ಏಪ್ರಿಲ್‌ನಲ್ಲಿ ಅಮೆರಿಕದ ಸಂಸದೀಯ ಸಮಿತಿಯೆದುರು ಒಪ್ಪಿಕೊಂಡಿದ್ದರು. ಖಾತೆಯೇ ಇಲ್ಲದವರು ಏನನ್ನು ಅಳಿಸಬೇಕು?

ಒಪ್ಪಿಗೆ ಕೊಟ್ಟಷ್ಟೇ ಸುಲಭವಾಗಿ ಅದನ್ನು ಹಿಂಪಡೆಯುವಂತಿರಬೇಕು ಎನ್ನುತ್ತದೆ ನಮ್ಮ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ. ಮಾತೇನೋ ಚೆನ್ನಾಗಿದೆ. ಆದರೆ ನಿಯಮಗಳು ಹೊರಬಿದ್ದದ್ದು 2025ರ ನವೆಂಬರ್‌ನಲ್ಲಿ. ಮುಖ್ಯ ಕಟ್ಟಳೆಗಳಿಗೆ ಮತ್ತೆ 18 ತಿಂಗಳ ಬಿಡುವು. ಕೇಂದ್ರ ಸರ್ಕಾರ ಈ ಗಡುವನ್ನು ಇನ್ನಷ್ಟು ಹಿಗ್ಗಿಸಬಾರದು. ಸೇರುವ ಗುಂಡಿ ಕಾಣುವ ಜಾಗದಲ್ಲೇ ಅಳಿಸುವ ಗುಂಡಿಯೂ ಇರಬೇಕೆಂದು ಕಂಪನಿಗಳಿಗೆ ಖಡಾಖಂಡಿತವಾಗಿ ಹೇಳಬೇಕು.