ಗಟ್ಟಿ ಕೈಗವಸು, ಸಡಿಲ ಕಾಯ್ದೆ

ಬೆಂಗಳೂರು: ತಗಡು ಕತ್ತರಿಸುವ, ಗಾಜು ಸಾಗಿಸುವ ಕಾರ್ಮಿಕರ ಕೈಗಳಲ್ಲಿ ಹಳೆಯ ಹತ್ತಿ ಗ್ಲೌಸ್‌ಗಳ ಜಾಗಕ್ಕೆ ಬೂದುಬಣ್ಣದ ಹೆಣಿಗೆಯ ಕೈಗವಸುಗಳು ಬಂದಿವೆ. ‘ಕಟ್ ಪ್ರೂಫ್’ ಎಂಬ ಹೆಸರಿನಲ್ಲಿ ಮಾರಾಟವಾಗುವ ಇವುಗಳನ್ನು ಕೊಟ್ಟುಬಿಟ್ಟರೆ ಸುರಕ್ಷತೆಯ ಹೊಣೆ ಮುಗಿಯಿತು ಎಂಬ ಭಾವನೆ ಸಣ್ಣ ಘಟಕಗಳಲ್ಲಿ ಬೇರೂರುವ ಅಪಾಯವಿದೆ. 2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದ ಬಳಿಕವಂತೂ ಈ ವಿಷಯವನ್ನು ಹತ್ತಿರದಿಂದ ನೋಡಬೇಕಾಗಿದೆ.

ಈ ಕೈಗವಸುಗಳ ನೂಲು ಸಾಮಾನ್ಯವಾದುದಲ್ಲ. ಅಮೆರಿಕದ ಡ್ಯುಪಾಂಟ್ ಕಂಪೆನಿಯ ರಸಾಯನ ವಿಜ್ಞಾನಿ ಸ್ಟೆಫನಿ ಕ್ವೊಲೆಕ್ 1965ರಲ್ಲಿ ಟೈರುಗಳಿಗೆ ಹಗುರವಾದ ನೂಲನ್ನು ಹುಡುಕುತ್ತಿದ್ದಾಗ ಕೈಗೆ ಸಿಕ್ಕಿದ್ದೇ ಮುಂದೆ ಕೆವ್ಲಾರ್ ಆಯಿತು. ಸಮತೂಕದ ಉಕ್ಕಿಗಿಂತ ಅದು ಐದು ಪಟ್ಟು ಗಟ್ಟಿ. ಬೆಂಕಿಗೆ ಕರಗದು, ಆದರೆ ಬಿಸಿಲು ಮತ್ತು ಬ್ಲೀಚಿಂಗ್ ದ್ರಾವಣಕ್ಕೆ ಸೊರಗುತ್ತದೆ. ಇನ್ನೊಂದು ಬಗೆ ಡೈನೀಮಾ ಮುಂತಾದ ಅತಿಗಟ್ಟಿ ಪಾಲಿಎಥಿಲೀನ್ ನೂಲು. ಒಗೆತಕ್ಕೂ ರಾಸಾಯನಿಕಕ್ಕೂ ಜಗ್ಗದ ಇದು ಸುಮಾರು 150 ಡಿಗ್ರಿ ಸೆಲ್ಸಿಯಸ್ ಶಾಖಕ್ಕೇ ಕರಗಿಬಿಡುತ್ತದೆ. ಬಿಸಿ ಅಚ್ಚಿನ ಮುಂದೆ ನಿಲ್ಲುವವನಿಗೂ ಗಾಜಿನ ಹಾಳೆ ಹೊರುವವನಿಗೂ ಒಂದೇ ಡಬ್ಬಿಯಿಂದ ಗ್ಲೌಸ್ ಹಂಚುವುದು ಎಷ್ಟು ಸರಿ ಎಂಬುದನ್ನು ಇಷ್ಟರಿಂದಲೇ ಊಹಿಸಬಹುದು.

ಕೈಗವಸಿನ ಹಿಂಬದಿಯಲ್ಲಿ ಅಚ್ಚಾಗಿರುವ ‘ಇಎನ್ 388’ ಎಂಬ ಐರೋಪ್ಯ ಮಾನದಂಡದ ಗುರುತನ್ನು ಓದುವವರು ವಿರಳ. ಹಿಂದೆ ತಿರುಗುವ ದುಂಡು ಅಲಗಿನಿಂದ ಪರೀಕ್ಷೆ ನಡೆಯುತ್ತಿತ್ತು. ಗಟ್ಟಿ ನೂಲಿಗೆ ತಾಗಿ ಅಲಗೇ ಮೊಂಡಾಗುತ್ತಿದ್ದುದರಿಂದ ಫಲಿತಾಂಶ ನಂಬುವಂತಿರಲಿಲ್ಲ. 2016ರ ಪರಿಷ್ಕರಣೆಯಲ್ಲಿ ನೇರ ಅಲಗಿನ ಪರೀಕ್ಷೆಯೊಂದನ್ನು ಸೇರಿಸಿ ‘ಎ’ಯಿಂದ ‘ಎಫ್’ವರೆಗೆ ದರ್ಜೆ ನೀಡಲಾಯಿತು. ‘ಎ’ ಎಂದರೆ 2 ನ್ಯೂಟನ್, ಅತ್ಯುನ್ನತವಾದ ‘ಎಫ್’ ಎಂದರೆ 30 ನ್ಯೂಟನ್. ಸರಳವಾಗಿ ಹೇಳುವುದಾದರೆ ಅಲಗಿನ ಮೇಲೆ ಸುಮಾರು 3 ಕಿಲೋ ಭಾರ ಹೇರಿ ಎಳೆದಾಗ ತಡೆದುಕೊಳ್ಳುವ ಶಕ್ತಿ. ಅಂಚು ತಾಗಿ ಕೈ ಕುಯ್ಯುವುದನ್ನು ತಪ್ಪಿಸಲು ಇದು ಧಾರಾಳವಾಯಿತು. ಯಂತ್ರಕ್ಕೆ ಮಾತ್ರ ಇದು ಲೆಕ್ಕಕ್ಕಿಲ್ಲ. ಸಿದ್ಧ ಉಡುಪು ಕಾರ್ಖಾನೆಗಳ ಕಟಿಂಗ್ ವಿಭಾಗದಲ್ಲಿ ವಿದ್ಯುತ್ ಚಾಲಿತ ಅಲಗಿನ ಮುಂದೆ ಇಂದಿಗೂ ಉಕ್ಕಿನ ಬಲೆಯ ಕೈಗವಸನ್ನೇ ಧರಿಸುವುದು ಇದೇ ಕಾರಣಕ್ಕಾಗಿ.

ಚುಚ್ಚುವಿಕೆಯ ಪರೀಕ್ಷೆಯ ಕಥೆಯೂ ಹೀಗೆಯೇ. ಅದರಲ್ಲಿ ಬಳಸುವುದು ನಾಲ್ಕೂವರೆ ಮಿಲಿಮೀಟರ್ ದಪ್ಪದ ಉಕ್ಕಿನ ಮೊಳೆ. ಇಂಜೆಕ್ಷನ್ ಸೂಜಿ ಹೆಣಿಗೆಯ ಎಳೆಗಳ ನಡುವೆಯೇ ನುಸುಳಿಹೋಗುತ್ತದೆ. ಕಸ ವಿಂಗಡಿಸುವ ಪೌರಕಾರ್ಮಿಕರ ಕೈಗೆ ಇಂಥ ಗ್ಲೌಸ್ ಕೊಟ್ಟು ಫೋಟೋ ತೆಗೆಸಿಕೊಳ್ಳುವ ಮುನ್ನ ಈ ಅಂಶವನ್ನು ಯಾರಾದರೂ ಗಮನಿಸಬೇಕಿತ್ತು.

ಅದಕ್ಕಿಂತಲೂ ಗಂಭೀರವಾದುದು ತಿರುಗುವ ಯಂತ್ರಗಳ ವಿಚಾರ. ಲೇತ್ ಅಥವಾ ಡ್ರಿಲ್ಲಿಂಗ್ ಯಂತ್ರಕ್ಕೆ ಸಿಲುಕಿದ ಹತ್ತಿ ಗ್ಲೌಸ್ ಹರಿದುಹೋಗುವ ಸಾಧ್ಯತೆಯಾದರೂ ಇತ್ತು. ಹರಿಯದಿರುವುದೇ ಗುಣವಾಗಿರುವ ಈ ನೂಲು ಕೈಯನ್ನು ತನ್ನೊಡನೆ ಒಳಕ್ಕೆಳೆಯುತ್ತದೆ. ಅಲ್ಲಿ ಬರಿಗೈಯೇ ಲೇಸು.

ದೇಶದಲ್ಲಿ ಬೆರಳುಗಳನ್ನು ನುಂಗುತ್ತಿರುವುದು ಮುಖ್ಯವಾಗಿ ಪವರ್ ಪ್ರೆಸ್. ಹರಿಯಾಣದ ವಾಹನ ಬಿಡಿಭಾಗ ಘಟಕಗಳಲ್ಲಿ ಗಾಯಗೊಂಡ ಕಾರ್ಮಿಕರ ನಡುವೆ ಕೆಲಸ ಮಾಡುತ್ತಿರುವ ‘ಸೇಫ್ ಇನ್ ಇಂಡಿಯಾ’ ಸಂಸ್ಥೆಯು 2019ರಿಂದ ಪ್ರಕಟಿಸುತ್ತಿರುವ ‘ಕ್ರಷ್ಡ್’ ವರದಿಗಳು ಇದನ್ನೇ ಮತ್ತೆಮತ್ತೆ ಹೇಳಿವೆ. ಪೀಣ್ಯದಂಥ ಪ್ರದೇಶಗಳ ತಗಡು ಕೆಲಸದ ಘಟಕಗಳಲ್ಲೂ ಇರುವುದು ಇದೇ ಯಂತ್ರ. ಹತ್ತಾರು ಟನ್ ಒತ್ತಡದೊಡನೆ ಇಳಿಯುವ ಅಚ್ಚಿನ ಮುಂದೆ 3 ಕಿಲೋ ಲೆಕ್ಕದ ಕೈಗವಸಿಗೆ ಯಾವ ಅರ್ಥವೂ ಇಲ್ಲ. ಅಲ್ಲಿ ಕೈ ಉಳಿಸುವುದು ಯಂತ್ರದ ಕಾವಲು ಜಾಲರಿ, ಎರಡೂ ಕೈಗಳಿಂದ ಏಕಕಾಲಕ್ಕೆ ಒತ್ತಿದರಷ್ಟೇ ಚಲಿಸುವ ಜೋಡಿ ಗುಂಡಿ, ಕೈ ಅಡ್ಡ ಬಂದೊಡನೆ ನಿಲ್ಲಿಸುವ ಸೆನ್ಸರ್. ಇವುಗಳಿಂದ ಕೆಲಸದ ವೇಗ ಕುಗ್ಗುತ್ತದೆಂದು ಕಳಚಿಟ್ಟು, ಬದಲಿಗೆ ಗ್ಲೌಸ್ ತೊಡಿಸುವುದಾದರೆ ಅದು ಸುರಕ್ಷತೆಯ ಸೋಗು ಮಾತ್ರ.

ಯಂತ್ರದ ಅಪಾಯಕಾರಿ ಭಾಗಗಳಿಗೆ ಭದ್ರವಾದ ಕಾವಲು ಇರಬೇಕೆಂದು 1948ರ ಕಾರ್ಖಾನೆಗಳ ಕಾಯ್ದೆಯ 21ನೇ ಕಲಮು ಸ್ಪಷ್ಟವಾಗಿ ಹೇಳುತ್ತಿತ್ತು. ಆ ಕಾಯ್ದೆಯ ಸ್ಥಾನದಲ್ಲಿ ಈಗಿರುವುದು 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿ ಸಂಹಿತೆ. ಹಿಂದೆ ವಿದ್ಯುತ್ ಬಳಸಿ 10 ಮಂದಿ ದುಡಿಯುವ ಜಾಗ ‘ಕಾರ್ಖಾನೆ’ ಎನಿಸುತ್ತಿತ್ತು. ಸಂಹಿತೆಯಲ್ಲಿ ಆ ಮಿತಿ 20ಕ್ಕೆ ಏರಿದೆ. 12 ಮಂದಿಯ ಪ್ರೆಸ್ ಶಾಪ್ ಈಗ ಕಾರ್ಖಾನೆಯಲ್ಲ, ಕೇವಲ ‘ಸಂಸ್ಥೆ’. ಅಪಾಯರಹಿತ ಕೆಲಸದ ಸ್ಥಳ ಒದಗಿಸುವ ಸಾಮಾನ್ಯ ಕರ್ತವ್ಯ ಮಾಲೀಕನ ಮೇಲೆ ಉಳಿದಿದೆ ನಿಜ. ಕಾರ್ಖಾನೆಗಳಿಗೆಂದೇ ಇರುವ ಅಧ್ಯಾಯ ಮಾತ್ರ ಅವನಿಗೆ ಅನ್ವಯಿಸದು. ತಪಾಸಣಾಧಿಕಾರಿಯ ಹೆಸರೂ ‘ಇನ್‌ಸ್ಪೆಕ್ಟರ್ ಕಂ ಫೆಸಿಲಿಟೇಟರ್’ ಎಂದು ಬದಲಾಗಿದೆ. ಪ್ರೆಸ್‌ಗಳು ಹೆಚ್ಚಾಗಿ ಇರುವ ಸಣ್ಣ ಘಟಕಗಳೇ ಹೀಗೆ ಸಡಿಲಗೊಂಡಿರುವುದು ವಿಪರ್ಯಾಸ. ಈ ಘಟಕಗಳಲ್ಲಿ ಯಂತ್ರದ ಕಾವಲಿನ ಕುರಿತು ಪ್ರತ್ಯೇಕವಾಗಿ ಕಟ್ಟುನಿಟ್ಟಿನ ಮಾತು ಹೇಳಬೇಕಾದುದು ನಿಯಮ ರೂಪಿಸುವ ಸರ್ಕಾರದ ಹೊಣೆ.

ಅವಘಡ ಸಂಭವಿಸಿದ ಮೇಲಿನ ಲೆಕ್ಕವನ್ನಂತೂ ಕಾನೂನು ಬಹಳ ಹಿಂದೆಯೇ ಕರಾರುವಾಕ್ಕಾಗಿ ಬರೆದಿಟ್ಟಿದೆ. 1923ರ ಪರಿಹಾರ ಕಾಯ್ದೆಯ ಪಟ್ಟಿಯಂತೆ ಹೆಬ್ಬೆರಳು ಹೋದರೆ ಗಳಿಕೆಯ ಸಾಮರ್ಥ್ಯದ ನಷ್ಟ ಶೇ 30, ಒಂದೇ ಕೈಯ ಎರಡು ಬೆರಳು ಹೋದರೆ ಶೇ 20, ತೋರುಬೆರಳೊಂದೇ ಆದರೆ ಶೇ 14.